ಹೆಲ್ಸಿಂಕಿಯ ಸಂಧಾನವನ್ನು ಶಿರಸಿಯ ತರಗತಿಯಲ್ಲಿ ನಡೆಸಿದ್ದು: ನನ್ನ ಅನುಭವ

ಅಣಕು ಸಂಸತ್ತನ್ನು ನಡೆಸಿದ ಅನುಭವ ರಾಜ್ಯಶಾಸ್ತ್ರದ ಅಧ್ಯಾಪಕರಾದ ನಮ್ಮೆಲ್ಲರಿಗೂ ಇದೆ. ಹೊರದೇಶದಲ್ಲಿ ನೆಲೆಸಿದ ಬಂಡುಕೋರ ನಾಯಕರು ತಮ್ಮ ದೇಶದ ಸರ್ಕಾರದೊಡನೆ ಶಾಂತಿ ಮಾತುಕತೆಗೆ ಕೂರುವುದನ್ನೂ ಹಾಗೆಯೇ ಮಾಡಿಸಬಹುದೆಂದು ನಾನು ಹೇಳಿದಾಗ ಶಿರಸಿಯ ಸಹೋದ್ಯೋಗಿಗಳು ನಂಬಲಿಲ್ಲ. ಮಕ್ಕಳು ಘೋಷಣೆ ಕೂಗಿ ಎದ್ದು ಬರುತ್ತಾರೆ ಎಂದರು. ಪಠ್ಯ ಮುಗಿಸುವುದಕ್ಕೇ ಸಮಯ ಸಾಲದು ಎಂದರು. ಕಳೆದ ವರ್ಷ ನಮ್ಮ ಬಿ.ಎ. ಅಂತಿಮ ವರ್ಷದವರು ಸಹಿ ಹಾಕಿದ ಕರಡು, ಇಂಡೊನೇಷ್ಯಾ ಸರ್ಕಾರ ಮತ್ತು ಅಲ್ಲಿನ ಆಚೆ (Aceh) ಪ್ರಾಂತದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಆಚೆ ವಿಮೋಚನಾ ಚಳವಳಿಯ ನಡುವೆ 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಆದ ಮೂಲ ಒಪ್ಪಂದಕ್ಕಿಂತಲೂ ಒಂದೆರಡು ಕಲಮುಗಳಲ್ಲಿ ಸ್ಪಷ್ಟವಾಗಿತ್ತೆಂದು ಇಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಆಚೆ ಪ್ರಾಂತದ ಸಂಧಾನವನ್ನು ಆರಿಸಿಕೊಳ್ಳುವ ಮೊದಲು ಎರಡು ವಸ್ತುಗಳು ಕೈಕೊಟ್ಟಿದ್ದವು. ಮೊದಲನೆಯದು ಮಿಜೋರಾಂ. 1966ರ ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಿಸಿದ ಮಿಜೋ ನ್ಯಾಷನಲ್ ಫ್ರಂಟಿನ ನಾಯಕ ಲಾಲ್‌ಡೆಂಗಾ ಪೂರ್ವ ಪಾಕಿಸ್ತಾನ, ಪಾಕಿಸ್ತಾನ, ಲಂಡನ್ ಎಂದು ದೇಶಾಂತರದಲ್ಲಿದ್ದು, 1986ರ ಜೂನ್ 30ರಂದು ದೆಹಲಿಯೊಡನೆ ಒಪ್ಪಂದ ಮಾಡಿಕೊಂಡು ಮುಖ್ಯಮಂತ್ರಿಯಾದರು. ವಸ್ತು ಉತ್ತಮವಾದದ್ದೇ. ಆದರೆ ದೆಹಲಿಯ ಕಡೆ ಕೂತವರಿಗೆ ಅದು ನಮ್ಮ ಸರ್ಕಾರವೆಂಬ ಅಭಿಮಾನ ಅಡ್ಡಬಂತು. ಮಿಜೋ ಕಡೆಯವರು ಬೇಡಿಕೆ ಇಡುವುದಕ್ಕೇ ಹಿಂಜರಿದರು. ಎರಡನೆಯದು ಆಫ್ರಿಕಾದ ಚಾಡ್. 2022ರ ಮಾರ್ಚಿನಿಂದ ಆಗಸ್ಟಿನವರೆಗೆ ದೋಹಾದಲ್ಲಿ ನಡೆದ ಮಾತುಕತೆಯ ಕೊನೆಗೆ ನಲವತ್ತರಷ್ಟು ಗುಂಪುಗಳು ಸಹಿ ಹಾಕಿದವು. ಅಧ್ಯಕ್ಷ ಇಡ್ರಿಸ್ ಡೆಬಿ ಮಡಿದ 2021ರ ದಂಡಯಾತ್ರೆಯನ್ನು ನಡೆಸಿದ್ದ ‘ಫ್ಯಾಕ್ಟ್’ ಎಂಬ ಸಂಘಟನೆಯೂ ಸೇರಿದಂತೆ ಕೆಲವು ಹೊರಗುಳಿದವು. ಅಷ್ಟು ಗುಂಪುಗಳನ್ನು ಒಂದು ತರಗತಿಯಲ್ಲಿ ಸಂಭಾಳಿಸಲು ಸಾಧ್ಯವಾಗದೆ, ಯಾರು ಯಾರ ಪರ ಎನ್ನುವುದನ್ನು ತಿಳಿಯುವುದರಲ್ಲೇ ಮಧ್ಯಾಹ್ನ ಕಳೆಯಿತು.

ಆಚೆ ಪ್ರಾಂತದ ಸಂಧಾನದಲ್ಲಿ ಎರಡೇ ಪಕ್ಷಗಳಿವೆ, ಒಡಕುಗಳಿರುವುದು ಪಕ್ಷಗಳ ಒಳಗೆ. ಹಸನ್ ಡಿ ಟಿರೊ 1976ರಲ್ಲಿ ಚಳವಳಿ ಆರಂಭಿಸಿ, ಕೆಲವೇ ವರ್ಷಗಳಲ್ಲಿ ದೇಶ ಬಿಟ್ಟು ಸ್ವೀಡನ್ನಿನಲ್ಲಿ ನೆಲೆಸಿದರು. ಕಾಡಿನಲ್ಲಿ ಹೋರಾಡುವವರು ಒಂದು ಕಡೆ, ಸಹಿ ಹಾಕುವವರು ಸ್ಟಾಕ್‌ಹೋಮಿನಲ್ಲಿ. ಜಕಾರ್ತಾದಲ್ಲಿಯೂ ಸಂಧಾನಕ್ಕೆ ಮನಸ್ಸಿದ್ದ ಉಪಾಧ್ಯಕ್ಷ ಯೂಸುಫ್ ಕಲ್ಲಾ ಒಂದೆಡೆ, ಸಂದೇಹಪಡುವ ಸಂಸತ್ತು ಮತ್ತು ಸೇನೆ ಇನ್ನೊಂದೆಡೆ. ನನ್ನ ವಿಧಾನವೆಲ್ಲ ಇದನ್ನೇ ಆಧರಿಸಿದೆ: ಎರಡು ಪಕ್ಷಗಳು ಎದುರುಬದುರು ಕೂರುವ ವೇಳೆಯನ್ನು ಒಟ್ಟು ಸಮಯದ ಮೂರನೇ ಒಂದು ಭಾಗಕ್ಕೆ ಇಳಿಸಿ, ಉಳಿದದ್ದನ್ನು ತಮ್ಮತಮ್ಮವರೊಡನೆ ವಾದಿಸಲು ಬಿಡುತ್ತೇನೆ. ಸ್ಟಾಕ್‌ಹೋಮಿನವರು ಗ್ರಂಥಾಲಯದಲ್ಲಿ, ಕಮಾಂಡರುಗಳು ಮೇಲಿನ ಮಹಡಿಯ ಕೊಠಡಿಯಲ್ಲಿ. ನಡುವೆ ಚೀಟಿಯ ಮೂಲಕ ಮಾತ್ರ ಸಂಪರ್ಕ, ಅದೂ ಗಂಟೆಗೆ ಎರಡೇ ಚೀಟಿ. ಸ್ವಾತಂತ್ರ್ಯದ ಬೇಡಿಕೆಯನ್ನು ಕೈಬಿಟ್ಟು ಸ್ವಯಂ ಆಡಳಿತಕ್ಕೆ ಒಪ್ಪಬೇಕೆಂದು ಸ್ಟಾಕ್‌ಹೋಮಿನವರು ಬರೆದು ಕಳಿಸಿದ ಚೀಟಿ ಮೇಲೆ ತಲುಪಿದಾಗ ಆಗುವ ವಾದವನ್ನು ಯಾವ ಉಪನ್ಯಾಸವೂ ಕಲಿಸಲಾರದು. ಹೆಲ್ಸಿಂಕಿಯಲ್ಲಿ ಮಧ್ಯಸ್ಥಿಕೆ ವಹಿಸಿದ್ದ ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಅವರ ನಿಯಮವನ್ನು ಗೋಡೆಗೆ ಅಂಟಿಸಿರುತ್ತೇನೆ: ಎಲ್ಲದಕ್ಕೂ ಒಪ್ಪಿಗೆಯಾಗುವವರೆಗೆ ಯಾವುದಕ್ಕೂ ಒಪ್ಪಿಗೆಯಾದಂತಲ್ಲ. ಮಧ್ಯಸ್ಥ ವಿದ್ಯಾರ್ಥಿಗೆ ನಾನು ಕೊಡುವ ಎರಡನೇ ಲಕೋಟೆಯಲ್ಲಿ ಏನಿರುತ್ತದೆ ಎಂಬುದನ್ನು ಇಲ್ಲಿ ಬರೆಯಲಾರೆ. ಮುಂದಿನ ತಂಡದ ಮಕ್ಕಳೂ ಇದನ್ನು ಓದಿಯಾರು.

ಸಂಖ್ಯೆಗಳನ್ನು ಮೊದಲೇ ಹೇಳಬಾರದು. ಮೂಲ ಒಪ್ಪಂದದಲ್ಲಿ 3,000 ಹೋರಾಟಗಾರರು ಸೇನಾ ಚಟುವಟಿಕೆ ಬಿಡುವುದು, 840 ಆಯುಧಗಳನ್ನು ಒಪ್ಪಿಸುವುದು, ನೈಸರ್ಗಿಕ ಸಂಪತ್ತಿನ ಆದಾಯದಲ್ಲಿ ಶೇಕಡ 70 ಆಚೆ ಪ್ರಾಂತಕ್ಕೇ ಉಳಿಯುವುದು ಎಂದಿತ್ತು. ಒಮ್ಮೆ ಇವನ್ನು ಮುಂಚೆಯೇ ಹಂಚಿದ್ದಾಗ ಎಲ್ಲರೂ ಅದೇ ಅಂಕಿಗಳಿಗೆ ಬಂದು ನಿಂತರು, ಚೌಕಾಸಿಯೇ ನಡೆಯಲಿಲ್ಲ. ಹೆಚ್ಚು ಹೊತ್ತು ಎಳೆಯುವುದು ಸ್ಥಳೀಯ ರಾಜಕೀಯ ಪಕ್ಷಗಳ ಪ್ರಶ್ನೆ. ಅರ್ಧದಷ್ಟು ಪ್ರಾಂತಗಳಲ್ಲಿ ನೆಲೆಯಿಲ್ಲದ ಪಕ್ಷ ಚುನಾವಣೆಗೆ ನಿಲ್ಲುವಂತಿಲ್ಲವೆಂಬ ಇಂಡೊನೇಷ್ಯಾದ ಆಗಿನ ಕಾನೂನು ಹೆಲ್ಸಿಂಕಿಯಲ್ಲಿಯೂ ಕೊನೆಯವರೆಗೆ ಕಾಡಿತ್ತು, ನಮ್ಮಲ್ಲಿಯೂ ಕಾಡುತ್ತದೆ.

ನನಗೆ ಹೆಚ್ಚು ಹೆಮ್ಮೆಯಿರುವುದು ಜಮೀನಿನ ಕಲಮಿನ ಬಗ್ಗೆ. ಮಾಜಿ ಹೋರಾಟಗಾರರಿಗೆ ಸೂಕ್ತ ಕೃಷಿಭೂಮಿ, ಇಲ್ಲವೇ ಉದ್ಯೋಗ, ದುಡಿಯಲಾಗದವರಿಗೆ ಸಾಮಾಜಿಕ ಭದ್ರತೆ ಎಂದು ಮೂಲದಲ್ಲಿದೆ. ಕಾರವಾರ, ಅಂಕೋಲಾ ಕಡೆಯ ವಿದ್ಯಾರ್ಥಿನಿಯರು ಅಷ್ಟಕ್ಕೆ ಒಪ್ಪಲಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರ ಕಥೆಗಳನ್ನು ಕೇಳಿ ಬೆಳೆದ ಅವರು, ಸೂಕ್ತ ಭೂಮಿಯೆಂದರೆ ನೀರಿರುವ ಭೂಮಿಯೇ, ಪಹಣಿ ಯಾರ ಹೆಸರಿಗೆ, ಗಂಡ ಸತ್ತ ಹೆಂಗಸಿಗೆ ಪಾಲಿದೆಯೇ, ಎಷ್ಟು ತಿಂಗಳೊಳಗೆ ಎಂದು ಒಂದೊಂದಾಗಿ ಕೇಳಿ ಬರೆಸಿದರು. ಸರ್ಕಾರದ ಪಾತ್ರದವರ ಬಳಿ ಉತ್ತರವಿರಲಿಲ್ಲ.

ನಡುವೆ ತಾಳಮದ್ದಲೆಯ ಅರ್ಥಧಾರಿಯೊಬ್ಬರನ್ನು ಕರೆಸಿ ನೋಡಿದೆ. ಮಾತಿನ ಸೊಗಸಿಗೆ ಮಕ್ಕಳು ಮರುಳಾದರು. ಆದರೆ ಪ್ರತಿವಾದಿಯನ್ನು ನಿರುತ್ತರಗೊಳಿಸುವುದೇ ಗುರಿಯಾಗಿ, ಆ ದಿನ ಒಂದು ಕಲಮೂ ಮುಂದೆ ಸಾಗಲಿಲ್ಲ. ಅವರನ್ನು ಈಗಲೂ ಕರೆಸುತ್ತೇನೆ, ಸಂಧಾನದ ದಿನಕ್ಕಲ್ಲ, ಹಿಂದಿನ ವಾರಕ್ಕೆ. ಇಂದು ಕೃಷ್ಣ, ನಾಳೆ ಕೌರವನಾಗಿ ಅರ್ಥ ಹೇಳುವವರಿಗೆ ಎದುರಾಳಿಯ ನೋವನ್ನು ತನ್ನ ಬಾಯಲ್ಲಿ ಹೇಳುವ ಅಭ್ಯಾಸವಿದೆ. ಅದನ್ನು ಅವರಷ್ಟು ಚೆನ್ನಾಗಿ ಕಲಿಸುವವರನ್ನು ನಾನು ಕಂಡಿಲ್ಲ.

ಖರ್ಚಿನ ವಿಷಯ. ಮೊದಲ ಸಲ ಬ್ಯಾನರ್, ಸ್ಮರಣಿಕೆ, ಊಟ ಎಲ್ಲ ಸೇರಿ ಎಂಟು ಸಾವಿರದ ಹತ್ತಿರ ಹೋಗಿತ್ತು, ಬಹುಪಾಲು ನನ್ನ ಕೈಯಿಂದ. ಈಗ ಬ್ಯಾನರಿಲ್ಲ, ಅತಿಥಿಗಳಿಲ್ಲ. ಝೆರಾಕ್ಸ್, ಚಹಾ, ಅವಲಕ್ಕಿ, ಅರ್ಥಧಾರಿಗಳ ಗೌರವಧನ ಸೇರಿ ಮೂರು ಸಾವಿರ ಮೀರುವುದಿಲ್ಲ. ಸಿದ್ದಾಪುರ, ಯಲ್ಲಾಪುರದ ಸಂಜೆಯ ಬಸ್ಸು ತಪ್ಪದಂತೆ ನಾಲ್ಕೂವರೆಗೆ ನಿಲ್ಲಿಸಲೇಬೇಕಾದ್ದರಿಂದ ಎರಡು ಶನಿವಾರಗಳಿಗೆ ಹಂಚಿದ್ದೇನೆ. ಈ ಬಿಡುವು ಲಾಭವೇ ಆಯಿತು, ವಾರದ ನಡುವೆ ಮಕ್ಕಳು ತಾವಾಗಿಯೇ ಕರಡು ತಿದ್ದುತ್ತಾರೆ.

ಮುಂದಿನ ವರ್ಷ ನಾಗಾ ಮಾತುಕತೆಯನ್ನು ಎತ್ತಿಕೊಳ್ಳುವ ಆಲೋಚನೆಯಿದೆ. 1995ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಧಾನಿ ನರಸಿಂಹ ರಾವ್ ಅವರು ನಾಗಾ ಬಂಡುಕೋರ ನಾಯಕರಾದ ಐಸಾಕ್ ಮತ್ತು ಮುಯಿವಾ ಅವರನ್ನು ಭೇಟಿಯಾದದ್ದು, 1997ರ ಕದನವಿರಾಮ, 2015ರ ಚೌಕಟ್ಟಿನ ಒಪ್ಪಂದ, ಬಳಿಕ ಪ್ರತ್ಯೇಕ ಧ್ವಜ ಮತ್ತು ಸಂವಿಧಾನದ ಮೇಲೆ ಬಿದ್ದ ಗಂಟು, ಇಷ್ಟನ್ನು ಹಿಡಿಸಲು ಎರಡು ಶನಿವಾರ ಸಾಲುವುದಿಲ್ಲ. ಮಿಜೋರಾಂನಲ್ಲಿ ಅಡ್ಡಬಂದ ಅಭಿಮಾನ ಇಲ್ಲಿಯೂ ಬರುತ್ತದೆ. ಆದ್ದರಿಂದ ದೆಹಲಿಯ ಕಡೆ ಕೂರುವವರನ್ನು ಮೊದಲ ಶನಿವಾರ ನಾಗಾ ಕಡೆಯಲ್ಲೇ ಕೂರಿಸಿ, ಎರಡನೆಯದಕ್ಕೆ ಪಾತ್ರ ಬದಲಿಸುವ ಯೋಜನೆ ಹಾಕಿದ್ದೇನೆ. ಕುಮಟಾ, ಹೊನ್ನಾವರದ ಕಾಲೇಜುಗಳಲ್ಲಿ ಯಾರಾದರೂ ಜೊತೆಗೂಡಿದರೆ ಮೂರನೇ ಶನಿವಾರವನ್ನು ಘಟ್ಟದ ಕೆಳಗೆ ಇಟ್ಟುಕೊಳ್ಳಬಹುದು.