ಹಳೆಯ ಬ್ರ್ಯಾಂಡೆಡ್ ಡೆಸ್ಕ್‌ಟಾಪನ್ನು ಗೇಮಿಂಗ್‌ಗೆ ಸಜ್ಜುಗೊಳಿಸುವುದೋ, ಹೊಸದನ್ನೇ ಜೋಡಿಸುವುದೋ?

ಕಚೇರಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ನಂತಹ ಡೆಸ್ಕ್‌ಟಾಪ್‌ಗಳು ರಿಫರ್ಬಿಷ್ಡ್ ಎಂಬ ಚೀಟಿ ಅಂಟಿಸಿಕೊಂಡು ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಗೂ ಬಂದಿವೆ. ಮಕ್ಕಳ ಓದಿಗೆಂದು ಕೊಂಡ ಇಂಥ ಯಂತ್ರದಲ್ಲಿ ಗೇಮ್ ಆಡುವ ಆಸೆ ಹುಟ್ಟಿದಾಗ, ಗೇಮ್‌ನ ದೃಶ್ಯಗಳನ್ನು ಪರದೆಗೆ ಮೂಡಿಸುವ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸಾಕೇ ಅಥವಾ ಬಿಡಿಭಾಗಗಳನ್ನು ತಂದು ಹೊಸದನ್ನೇ ಜೋಡಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಬಹಳಷ್ಟು ಜನ ಪ್ರೊಸೆಸರ್ ಐ5 ಇದೆಯೋ ಐ7 ಇದೆಯೋ ಎಂದು ನೋಡಿ ತೀರ್ಮಾನಕ್ಕೆ ಬರುತ್ತಾರೆ. ಆದರೆ ಇಂಥ ಯಂತ್ರ ಎಷ್ಟು ದೂರ ಹೋಗಬಲ್ಲದೆಂಬುದನ್ನು ನಿರ್ಧರಿಸುವುದು ಅದರ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಮತ್ತು ಕ್ಯಾಬಿನೆಟ್.

ಅಂಗಡಿಗೆ ಹೋಗುವ ಮೊದಲು ಕರೆಂಟ್ ವೈರನ್ನು ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳವನ್ನು ತೆಗೆದು ನೋಡಿ. ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಕಚೇರಿ ಬಳಕೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ 180ರಿಂದ 260ರ ನಡುವೆ ಇರುತ್ತದೆ. ಎಸ್‌ಎಂಪಿಎಸ್‌ನಿಂದ ಹೊರಟ ವೈರುಗಳಲ್ಲಿ 6 ಅಥವಾ 8 ಪಿನ್ನಿನ ಗ್ರಾಫಿಕ್ಸ್ ಕನೆಕ್ಟರ್ ಇದೆಯೇ ಎಂದು ಹುಡುಕಿ, ಬಹುತೇಕ ಇರುವುದಿಲ್ಲ. ಮದರ್‌ಬೋರ್ಡ್ ಮೇಲೆ ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟನ್ನು ಗುರುತಿಸಿ, ಅದರ ಮುಂದೆ ಎಷ್ಟು ಉದ್ದದ ಕಾರ್ಡಿಗೆ ಜಾಗವಿದೆ ಎಂಬುದನ್ನು ಸ್ಕೇಲಿನಿಂದ ಅಳೆದುಕೊಳ್ಳಿ. ಕ್ಯಾಬಿನೆಟ್ ತೆಳುವಾಗಿದ್ದರೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಯುತ್ತದೆ. ಇನ್ನು ಡಬ್ಬಿಯಷ್ಟೇ ಇದ್ದು ಲ್ಯಾಪ್‌ಟಾಪ್ ಮಾದರಿಯ ಹೊರ ಅಡಾಪ್ಟರ್‌ನಿಂದ ನಡೆಯುವ ಪುಟ್ಟ ಯಂತ್ರವಾಗಿದ್ದರೆ, ಅದನ್ನು ಓದಿಗೆ ಬಿಟ್ಟುಕೊಟ್ಟು ಗೇಮಿಂಗ್‌ಗೆ ಬೇರೆ ದಾರಿ ನೋಡುವುದೇ ಸರಿ.

ಗ್ರಾಫಿಕ್ಸ್ ಕಾರ್ಡ್ ತನ್ನ ಸ್ಲಾಟಿನಿಂದ ಗರಿಷ್ಠ 75 ವ್ಯಾಟ್ ವಿದ್ಯುತ್ತನ್ನು ಪಡೆಯಬಹುದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ವೈರ್ ಬರಬೇಕು. ಬ್ರ್ಯಾಂಡೆಡ್ ಯಂತ್ರದ ನಿಜವಾದ ಮಿತಿ ಇಲ್ಲಿದೆ. ಈ ಮಿತಿಯೊಳಗೆ ದೊರೆಯುವ ಕಾರ್ಡುಗಳು ಕೆಲವೇ ಕೆಲವು. 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650, 2022ರ ಆರ್‌ಎಕ್ಸ್ 6400, 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಇವುಗಳಲ್ಲಿ ಮುಖ್ಯವಾದವು. ಕೊಳ್ಳುವಾಗ ಹೆಸರನ್ನು ಮಾತ್ರ ನೋಡಿದರೆ ಸಾಲದು. 6 ಜಿಬಿಯ 3050 ಕಾರ್ಡ್ 70 ವ್ಯಾಟಿನಲ್ಲಿ ನಡೆಯುತ್ತದೆ. ಅದೇ ಹೆಸರಿನ 8 ಜಿಬಿ ಕಾರ್ಡಿಗೆ 130 ವ್ಯಾಟ್ ಬೇಕು, ಅದಕ್ಕೆ ಪ್ರತ್ಯೇಕ ಕನೆಕ್ಟರೂ ಬೇಕು. 1650ರ ಕೆಲವು ಮಾದರಿಗಳಲ್ಲಿಯೂ 6 ಪಿನ್ನಿನ ಕನೆಕ್ಟರ್ ಇರುತ್ತದೆ. ಆರ್‌ಎಕ್ಸ್ 6400 ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕೇ ಲೇನ್‌ಗಳನ್ನು (ಮಾಹಿತಿ ಸಾಗುವ ದಾರಿಗಳನ್ನು) ಬಳಸುವ ಕಾರ್ಡ್ ಆಗಿರುವುದರಿಂದ, ಮೂರನೆಯ ತಲೆಮಾರಿನ ಸ್ಲಾಟ್ ಇರುವ ಹಳೆಯ ಮದರ್‌ಬೋರ್ಡಿನಲ್ಲಿ ಅದರ ಸಾಗಣೆ ವೇಗ ಅರ್ಧಕ್ಕೆ ಇಳಿಯುತ್ತದೆ. ನನ್ನ ಮತ ಕೇಳಿದರೆ, ಬಜೆಟ್ ಒಪ್ಪಿದಲ್ಲಿ 6 ಜಿಬಿಯ 3050, ಇಲ್ಲವಾದರೆ ಕನೆಕ್ಟರ್ ಇಲ್ಲದ 1650.

ಎಸ್‌ಎಂಪಿಎಸ್ ಒಂದನ್ನು ಬದಲಿಸಿದರೆ ಸಾಕಲ್ಲವೇ ಎಂದು ಕೇಳಬಹುದು. ಮಾರುಕಟ್ಟೆಯ ಸಾಮಾನ್ಯ ಎಸ್‌ಎಂಪಿಎಸ್ 24 ಪಿನ್ನಿನ ಕನೆಕ್ಟರ್ ಹೊಂದಿರುತ್ತದೆ, ಆದರೆ ಈ ಕಂಪನಿಗಳ ಅನೇಕ ಮದರ್‌ಬೋರ್ಡುಗಳು ತಮ್ಮದೇ ವಿನ್ಯಾಸದ ಚಿಕ್ಕ ಕನೆಕ್ಟರನ್ನು ಬಳಸುತ್ತವೆ. ಎಸ್‌ಎಂಪಿಎಸ್‌ನ ಆಕಾರವೂ ಹಲವು ಮಾದರಿಗಳಲ್ಲಿ ಬೇರೆಯೇ ಇರುತ್ತದೆ. ಅಡಾಪ್ಟರ್ ವೈರ್‌ಗಳು ಸಿಗುತ್ತವೆಯಾದರೂ ನಿಮ್ಮ ಮಾದರಿಗೆ ಸರಿಯಾದುದನ್ನೇ ಹುಡುಕಬೇಕು, ಪಿನ್ ತಪ್ಪಿದರೆ ಬೋರ್ಡ್ ಸುಡುತ್ತದೆ. ಹಾರ್ಡ್ ಡಿಸ್ಕಿನ ಸಾಟಾ ವೈರಿನಿಂದ ಗ್ರಾಫಿಕ್ಸ್ ಕಾರ್ಡಿಗೆ ವಿದ್ಯುತ್ ಕೊಡುವ ಅಗ್ಗದ ಕನ್ವರ್ಟರನ್ನು ಯಾರೇ ಕೊಟ್ಟರೂ ಹಾಕಬೇಡಿ. ಅಷ್ಟು ಭಾರ ಹೊರಲು ಆ ವೈರನ್ನು ಮಾಡಿಲ್ಲ, ಅದು ಕಾದು ಕರಗುತ್ತದೆ.

ಪ್ರೊಸೆಸರ್ ಬದಲಾವಣೆಯಲ್ಲೂ ಇಂಥದೇ ತೊಡಕಿದೆ. ಇಂಟೆಲ್‌ನ ಆರು ಮತ್ತು ಏಳನೆಯ ತಲೆಮಾರಿನ ಬೋರ್ಡಿನಲ್ಲಿ ಎಂಟನೆಯ ತಲೆಮಾರಿನ ಪ್ರೊಸೆಸರ್, ಅದು ಕೂರುವ ಸಾಕೆಟ್ಟಿನ ಹೆಸರು ಒಂದೇ ಆಗಿದ್ದರೂ, ಕೆಲಸ ಮಾಡುವುದಿಲ್ಲ. ಈ ಎಂಟನೆಯ ತಲೆಮಾರೇ ಇಂದಿನ ಗಡಿರೇಖೆ ಕೂಡ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಬಹುಮಟ್ಟಿಗೆ ಎಂಟನೆಯ ಮತ್ತು ಅದರ ನಂತರದ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳನ್ನೇ ಒಪ್ಪುತ್ತದೆ, ಮತ್ತು ವ್ಯಾಲರಂಟ್‌ನಂತಹ ಗೇಮ್ ವಿಂಡೋಸ್ 11ರಲ್ಲಿ ಟಿಪಿಎಂ 2.0 (ಭದ್ರತಾ ಚಿಪ್) ಹಾಗೂ ಸೆಕ್ಯೂರ್ ಬೂಟ್ (ಯಂತ್ರ ಆರಂಭವಾಗುವಾಗಿನ ಭದ್ರತಾ ತಪಾಸಣೆ) ಇಲ್ಲದೆ ತೆರೆಯುವುದೇ ಇಲ್ಲ. ನಾಲ್ಕನೆಯ ತಲೆಮಾರಿನ ಐ7ಗೆ ಹಣ ಸುರಿಯಬೇಡಿ ಎಂದು ಹೇಳುವುದು ಇದಕ್ಕೇ.

ಹಳೆಯ ಯಂತ್ರ ಈ ಪರೀಕ್ಷೆಗಳಲ್ಲಿ ಗೆದ್ದರೆ, ನಾಳೆ ಅದರಿಂದ ಬಿಚ್ಚಿ ಬೇರೆಡೆ ಹಾಕಬಹುದಾದ ಭಾಗಗಳಿಗೆ ಮಾತ್ರ ಖರ್ಚು ಮಾಡಿ. ಎಸ್‌ಎಸ್‌ಡಿ, ಮಾನಿಟರ್, ಗ್ರಾಫಿಕ್ಸ್ ಕಾರ್ಡ್ ಹೊಸ ಯಂತ್ರಕ್ಕೂ ಬರುತ್ತವೆ. ಆ ಕಂಪನಿಗೆ ಮಾತ್ರ ಹೊಂದುವ ಎಸ್‌ಎಂಪಿಎಸ್ ಎಲ್ಲಿಗೂ ಬರುವುದಿಲ್ಲ. ರ‍್ಯಾಮ್ ಒಂದೇ ಸ್ಟಿಕ್ ಇದ್ದರೆ ಅದೇ ಗಾತ್ರದ ಇನ್ನೊಂದನ್ನು ಸೇರಿಸಿ, ಎರಡು ಚಾನೆಲ್‌ಗಳಲ್ಲಿ ನಡೆಯುವುದರಿಂದ ಗೇಮ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿರುವುದರಿಂದ, ಹಳೆಯ ಯಂತ್ರದಲ್ಲಿರುವ ಡಿಡಿಆರ್4 ಸ್ಟಿಕ್‌ಗಳನ್ನು ಎಎಂ4 ಸಾಕೆಟ್ಟಿನ (ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರ್ ಕೂರುವ) ಬೋರ್ಡಿರುವ ಹೊಸ ಯಂತ್ರಕ್ಕೆ ಒಯ್ಯುವ ಲೆಕ್ಕಾಚಾರವೂ ಈಗ ಅರ್ಥಪೂರ್ಣವೇ.

ಹೊಸ ದೊಡ್ಡ ಗೇಮ್‌ಗಳನ್ನು ಚೆನ್ನಾಗಿ ಆಡಬೇಕೆಂದಿದ್ದರೆ ಅಥವಾ ಡೆಸ್ಕ್‌ಟಾಪ್ ಎಂಬುದೇ ಮನೆಯಲ್ಲಿ ಇಲ್ಲದಿದ್ದರೆ ಜೋಡಿಸುವುದೇ ಲಾಭ. ಒಟ್ಟು ಹಣದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಗ್ರಾಫಿಕ್ಸ್ ಕಾರ್ಡಿಗೆ ಎತ್ತಿಟ್ಟು, ಉಳಿದುದನ್ನು ಹಂಚಿ. ಕಡಿಮೆ ಬಜೆಟ್ಟಿನಲ್ಲಿ ಆರು ಕೋರ್‌ಗಳ ರೈಜೆನ್ 5 5600 ಅಥವಾ ಐ5 12400ಎಫ್ ಸಾಕು; ಇವೆರಡರಲ್ಲೂ ಒಳ ಗ್ರಾಫಿಕ್ಸ್ ಇಲ್ಲವಾದ್ದರಿಂದ ಕಾರ್ಡ್ ಇಲ್ಲದೆ ಪರದೆ ಬೆಳಗುವುದಿಲ್ಲ. ಕಾರ್ಡನ್ನು ಮುಂದೆಂದೋ ಕೊಳ್ಳುವವರು ಒಳ ಗ್ರಾಫಿಕ್ಸ್ ಇರುವ ರೈಜೆನ್ 5 8600ಜಿಯಂತಹ ಪ್ರೊಸೆಸರ್‌ನಿಂದ ಆರಂಭಿಸಬಹುದು. ಅದರ ಎಎಂ5 ಸಾಕೆಟ್ 2022ರಲ್ಲಿ ಬಂದಿದ್ದು, ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸುವ ಅವಕಾಶವನ್ನು ಕೊಡುತ್ತದೆ.

ನಮ್ಮ ಭಾಗದ ಬಿಸಿಲನ್ನು ಬೆಂಗಳೂರಿನಲ್ಲಿ ಕುಳಿತು ಬರೆದ ಬಿಡಿಭಾಗಗಳ ಪಟ್ಟಿಗಳು ಗಣಿಸುವುದಿಲ್ಲ. ಕೋಣೆಯ ಉಷ್ಣಾಂಶ 28 ಡಿಗ್ರಿಯಿಂದ 40ಕ್ಕೆ ಏರಿದರೆ ಒಳಗಿನ ಚಿಪ್‌ಗಳೂ ಹೆಚ್ಚುಕಡಿಮೆ ಅದೇ 12 ಡಿಗ್ರಿ ಏರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಹಗಲು 42 ಡಿಗ್ರಿ ದಾಟುವುದು ಅಪರೂಪವಲ್ಲ. ಹೀಗಿರುವಾಗ ಮುಂಭಾಗವನ್ನು ಗಾಜಿನಿಂದ ಮುಚ್ಚಿದ ಚೆಂದದ ಕ್ಯಾಬಿನೆಟ್ ಬೇಡ. ಮುಂದೆ ಜಾಲರಿ ಇರುವ, ಗಾಳಿ ಎಳೆಯಲು ಎರಡು ಮತ್ತು ಹೊರದೂಡಲು ಒಂದು ಫ್ಯಾನ್ ಇರುವ, ತೊಳೆಯಬಹುದಾದ ಫಿಲ್ಟರ್ ಇರುವ ಕ್ಯಾಬಿನೆಟ್ ಆರಿಸಿ. ತೊಗರಿ ರಾಶಿಯ ಕಾಲದಲ್ಲಿ, ಸೇಡಂ, ವಾಡಿಯಂತಹ ಸಿಮೆಂಟ್ ಕಾರ್ಖಾನೆಗಳ ಆಸುಪಾಸಿನಲ್ಲಿ ವರ್ಷವಿಡೀ, ಆ ಫಿಲ್ಟರನ್ನು ಮೇಲಿಂದ ಮೇಲೆ ತೆಗೆದು ಕೊಡವಬೇಕು. ಬೇಸಿಗೆಯಲ್ಲಿ ನೀರಿನ ಕೂಲರ್ ಹಚ್ಚುವ ಮನೆಗಳಲ್ಲಿ ಅದರ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಹೊಡೆಯದಂತೆ ನೋಡಿಕೊಳ್ಳಿ. ಆ ತೇವಕ್ಕೆ ದೂಳು ಸೇರಿ ಹೀಟ್‌ಸಿಂಕಿನ ಸಂದುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ.

ಎಸ್‌ಎಂಪಿಎಸ್ ವಿಷಯದಲ್ಲಿ ಜಿಪುಣತನ ಬೇಡ. ವಿದ್ಯುತ್ ದಕ್ಷತೆಯ 80 ಪ್ಲಸ್ ಪ್ರಮಾಣಪತ್ರವಿರುವ 550 ವ್ಯಾಟಿನದು ಮಧ್ಯಮ ದರ್ಜೆಯ ಯಂತ್ರಕ್ಕೆ ಸಾಕು. ವೋಲ್ಟೇಜ್ ಬೀಳುವ ಹಳ್ಳಿಗಳಲ್ಲಿ 200–240 ಎಂದು ಬರೆದುದಕ್ಕಿಂತ 100–240 ವೋಲ್ಟ್ ಎಂದು ಬರೆದುದನ್ನೇ ಆರಿಸಬೇಕು. ಮನೆಯಲ್ಲಿರುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟನ್ನಷ್ಟೇ ಹೊರುತ್ತದೆ. ಗೇಮ್ ನಡೆದಿರುವಾಗ ಕರೆಂಟ್ ಹೋದರೆ ಅದು ತಡೆಯುವುದು ಕಷ್ಟ, 1 ಕೆವಿಎ ಇದ್ದರೆ ನಿಶ್ಚಿಂತೆ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಮೊದಲು ಅರ್ಥಿಂಗ್ ತೋರಿಸಿ; ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಅದರ ರಕ್ಷಣೆ ಕುಂದುವುದರಿಂದ ಆಗಾಗ ನೀರು ಹಾಕಬೇಕು.

ಬಿಡಿಭಾಗಗಳನ್ನು ಊರಲ್ಲೇ ಕೊಳ್ಳುವಿರೋ, ಆನ್‌ಲೈನ್ ತರಿಸುವಿರೋ, ಹೈದರಾಬಾದಿಗೆ ಹೋಗಿ ತರುವಿರೋ ಎಂಬುದು ವಾರಂಟಿಯ ಪ್ರಶ್ನೆ. ಕಾರ್ಡ್ ಕೆಟ್ಟರೆ ಯಾವ ಊರಿನ ಸೇವಾ ಕೇಂದ್ರಕ್ಕೆ ಒಯ್ಯಬೇಕೆಂದು ಮೊದಲೇ ಕೇಳಿ, ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಪಡೆಯಿರಿ.

ಜೋಡಿಸುವಾಗ ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್ ಹಾಕಿ. ನಾಲ್ಕು ಸ್ಲಾಟ್‌ಗಳಿದ್ದರೆ ಎರಡು ಸ್ಟಿಕ್‌ಗಳನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಒಳ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡನ್ನೂ ಸೇರಿಸಿ, ಕ್ಯಾಬಿನೆಟ್ಟಿನ ಹೊರಗೇ ಒಮ್ಮೆ ಆನ್ ಮಾಡಿ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ) ಪರದೆ ಬಂದದ್ದನ್ನು ನೋಡಿಕೊಂಡು, ಆಮೇಲೆ ಒಳಗೆ ಕೂರಿಸಿ. ಬಯಾಸ್‌ನಲ್ಲಿ ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ ಚಾಲೂ ಮಾಡದಿದ್ದರೆ ಹಣ ಕೊಟ್ಟ ವೇಗ ಸಿಗುವುದಿಲ್ಲ. ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗೆ ಚುಚ್ಚದೆ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಚುಚ್ಚಿ.