ಡೀಸೆಲ್ ಲಾರಿ ಬಿಡುವ ಮುನ್ನ ಟ್ರಿಪ್ ಶೀಟ್ ತೆಗೆಯಿರಿ

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗೆಂದು ಬ್ಯಾಟರಿ ಲಾರಿ ಕೊಳ್ಳಲು ನಾಳೆಯೇ ಶೋರೂಮಿಗೆ ಓಡಬೇಡಿ. ಲಾರಿ ಕೊಳ್ಳುವುದು ಈ ಕೆಲಸದ ಕೊನೆಯ ಹಂತ.

ಮೊದಲು ಹಳೆಯ ಟ್ರಿಪ್ ಶೀಟ್‌ಗಳನ್ನು ಹರಡಿಕೊಂಡು ಕೂರಿ. ಯಾವ ಗಾಡಿ ದಿನಕ್ಕೆ ಎಷ್ಟು ಓಡುತ್ತದೆ, ಎಷ್ಟು ಮಾಲು ಹೊರುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ, ಗುರುತು ಹಾಕಿ. ಸರಾಸರಿ ನಂಬಬೇಡಿ, ಅತಿ ಹೆಚ್ಚು ಓಡಿದ ದಿನವೇ ಅಳತೆಗೋಲು. ದಿನವೂ ಅದೇ ದಾರಿಯಲ್ಲಿ ಹೋಗಿ ಸಂಜೆ ಡಿಪೊಗೆ ಮರಳುವ ಗಾಡಿಗಳನ್ನು ಮೊದಲು ಬದಲಿಸಿ.

ಮುಂದಿನದು ವಿದ್ಯುತ್ ಲೆಕ್ಕ. ಹಣ ಪೋಲಾಗುವುದು ಇಲ್ಲೇ. ಭಾರಿ ಬ್ಯಾಟರಿ ಲಾರಿ ಕಿ.ಮೀ.ಗೆ ಸುಮಾರು 1.25 ಯೂನಿಟ್ (ಕಿಲೋವಾಟ್-ಅವರ್) ಬಳಸುತ್ತದೆ ಎಂದಿಟ್ಟುಕೊಳ್ಳಿ. 250 ಕಿ.ಮೀ.ಗೆ 310 ಚಿಲ್ಲರೆ, ಚಾರ್ಜಿಂಗ್ ನಷ್ಟ ಸೇರಿ 350 ಎನ್ನಿ. ರಾತ್ರಿ ಎಂಟು ತಾಸು ನಿಲ್ಲುವ ಗಾಡಿಗೆ 45 ಕಿಲೋವಾಟ್ ಚಾರ್ಜರ್ ಧಾರಾಳ ಸಾಕು. ಹತ್ತು ಗಾಡಿಗೆ 450. ಅದು ಬಿಟ್ಟು ಹತ್ತಕ್ಕೂ 150 ಕಿಲೋವಾಟ್ ಚಾರ್ಜರ್ ಕೂರಿಸಿ, ಸಂಜೆ ಎಲ್ಲವನ್ನೂ ಒಟ್ಟಿಗೆ ಸಿಕ್ಕಿಸಿದರೆ 1,500 ಕಿಲೋವಾಟ್! ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್, ಅದಕ್ಕೆ ತಕ್ಕ ಬಿಲ್ಲು. ಗಾಡಿಗಳ ನಡುವೆ ವಿದ್ಯುತ್ತನ್ನು ಹಂಚಿ ಕೊಡುವ ವ್ಯವಸ್ಥೆಯನ್ನೇ ಕೇಳಿ ಪಡೆಯಿರಿ. ಸಂಪರ್ಕಕ್ಕೆ ಅರ್ಜಿಯನ್ನಂತೂ ಈಗಲೇ ಹಾಕಿ, ಇಲ್ಲದಿದ್ದರೆ ಲಾರಿ ಬಂದು ನಿಂತರೂ ಲೈನ್ ಬಂದಿರುವುದಿಲ್ಲ.

ದೂರದ ಓಟಕ್ಕೆ? ಮರ್ಸಿಡಿಸ್ ಬೆಂಜ್‌ನ ಇ-ಆಕ್ಟ್ರೋಸ್ 600ರಲ್ಲಿ 621 ಯೂನಿಟ್ ಹಿಡಿಸುವ ಬ್ಯಾಟರಿ ಇದೆ. ಒಮ್ಮೆ ತುಂಬಿದರೆ 500 ಕಿ.ಮೀ. ಎನ್ನುತ್ತದೆ ಕಂಪನಿ. ಐರೋಪ್ಯ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿರಮಿಸಲೇಬೇಕು. ಮೆಗಾವಾಟ್ ಚಾರ್ಜಿಂಗ್, ಅಂದರೆ ಸಾವಿರ ಕಿಲೋವಾಟ್ ಮಟ್ಟದ ಅತಿ ವೇಗದ ಚಾರ್ಜಿಂಗ್, ಲೆಕ್ಕ ಕೂಡುವುದು ಈ ಬಿಡುವಿನಲ್ಲಿ. ಆದರೆ ಇಂಥ ಬ್ಯಾಟರಿ ಟನ್‌ಗಟ್ಟಲೆ ತೂಗುತ್ತದೆ. ಹಗುರ ಸಾಮಾನು ಸಾಗಿಸುವವರಿಗೆ ಚಿಂತೆಯಿಲ್ಲ, ಸಿಮೆಂಟು ಹೊರುವವರು ತೂಕದ ಮಿತಿ ನೋಡಿಕೊಳ್ಳಲಿ.

ಹೈಡ್ರೋಜನ್ ಲಾರಿ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ವಿದ್ಯುತ್ತಿನಿಂದ ನೀರನ್ನು ಒಡೆದು, ಅನಿಲವನ್ನು ಒತ್ತಿ ತುಂಬಿ, ಗಾಡಿಯಲ್ಲಿ ಮತ್ತೆ ವಿದ್ಯುತ್ ಮಾಡುವಷ್ಟರಲ್ಲಿ ಚಕ್ರಕ್ಕೆ ಸಿಗುವುದು ಮೂರನೇ ಒಂದು ಪಾಲಿಗೂ ಕಡಿಮೆ. ಬ್ಯಾಟರಿಯಲ್ಲಾದರೆ ಸುಮಾರು ಮುಕ್ಕಾಲು ಪಾಲು. ಎಲ್‌ಎನ್‌ಜಿ (ದ್ರವರೂಪದ ನೈಸರ್ಗಿಕ ಅನಿಲ) ಲಾರಿಯೂ ಪಳೆಯುಳಿಕೆ ಇಂಧನದ್ದೇ. ಅದರಲ್ಲಿರುವ ಮೀಥೇನ್ ಭೂಮಿಯನ್ನು ಬಿಸಿಯೇರಿಸುವ ಅನಿಲ, ಸೋರಿದರೆ ಉಳಿಸಿದ್ದೂ ಹೋಯಿತು.

ಇಷ್ಟಾದ ಮೇಲೆ ಒಂದೆರಡು ಲಾರಿ ಮಾತ್ರ ತನ್ನಿ. ಇಳಿಜಾರಿನಲ್ಲಿ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಪೆಡಲ್ ಹದವಾಗಿ ಬಿಡುವುದನ್ನು ಚಾಲಕರಿಗೆ ಕಲಿಸಿ. ಒಂದು ಬೇಸಿಗೆ, ಒಂದು ಚಳಿಗಾಲ ಓಡಿಸಿ, ಖರ್ಚಾದ ಯೂನಿಟ್‌ಗಳನ್ನು ನಿಮ್ಮ ಲೆಕ್ಕಕ್ಕೆ ತಾಳೆ ಹಾಕಿ, ಆಮೇಲೆ ಉಳಿದವಕ್ಕೆ ಆರ್ಡರ್ ಕೊಡಿ.