ಮಂಗಳೂರಿಂದ ಡಿವಿಕಾನ್‌ಗೆ ಹೊರಟಿದ್ದೀರಾ?

ಚಿಪ್ ವೆರಿಫಿಕೇಶನ್ (ಚಿಪ್ ತಯಾರಾಗುವ ಮೊದಲೇ ಅದರ ಡಿಸೈನ್ ಸರಿಯಿದೆಯಾ ಅಂತ ಪರೀಕ್ಷಿಸುವ ಕೆಲಸ) ಕಲಿಯುವವರು ಈ ಕ್ಷೇತ್ರದ ಸಮ್ಮೇಳನವಾದ ಡಿವಿಕಾನ್ ಇಂಡಿಯಾಗೆ ಒಮ್ಮೆ ಹೋಗಲೇಬೇಕು. 2014ರಲ್ಲಿ ಶುರುವಾದದ್ದು, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲಿ ನಡೆಯುತ್ತದೆ. ಆಗ ನಮ್ಮಲ್ಲಿ ಇನ್ನೂ ಮಳೆ ಅಲ್ವಾ, ಶಿರಾಡಿ ಘಾಟಿ ಯಾವಾಗ ಕೈಕೊಡುತ್ತದೋ ಹೇಳಲಾಗದು, ಹಾಗಾಗಿ ಹಿಂದಿನ ರಾತ್ರಿಯ ಬಸ್ಸನ್ನು ನಂಬಬೇಡಿ, ಒಂದು ದಿನ ಮೊದಲೇ ಹೋಗಿಬಿಡಿ.

ಸುಮ್ನೆ ಎಲ್ಲಾ ಸೆಷನ್‌ಗೂ ಓಡಬೇಡಿ. ಯುವಿಎಂ (ಇಂಥ ಪರೀಕ್ಷೆಯ ಕೋಡ್ ಬರೆಯುವ ಪ್ರಮಾಣಿತ ವಿಧಾನ) ಹೊಸದಾದರೆ ಮೊದಲು ಟ್ಯುಟೋರಿಯಲ್‌ಗೆ ಕೂರಿ. ಆಮೇಲೆ ಪೋಸ್ಟರ್‌ಗಳ ಹತ್ತಿರ ನಿಲ್ಲಿ, ಕೆಲಸ ಮಾಡಿದವರೇ ಅಲ್ಲಿ ಸಿಗುತ್ತಾರೆ. "ಕವರೇಜ್ ಶೇ. 95ಕ್ಕೇ ನಿಂತಿದೆ, ತಲುಪಲಾಗದ ಕೋಡನ್ನು ಫಾರ್ಮಲ್ ಟೂಲ್‌ನಿಂದ ಹುಡುಕಿದಿರಾ?" ಅಂತ ಕೇಳಿ ನೋಡಿ. (ಕವರೇಜ್ ಅಂದರೆ ಡಿಸೈನ್‌ನ ಎಷ್ಟು ಭಾಗ ಪರೀಕ್ಷೆಯಾಯಿತು ಅನ್ನುವ ಲೆಕ್ಕ; ಫಾರ್ಮಲ್ ಟೂಲ್ ಅಂದರೆ ಡಿಸೈನನ್ನು ಗಣಿತದ ತರ್ಕದಿಂದ ಪರಿಶೀಲಿಸುವ ಸಾಫ್ಟ್‌ವೇರ್.) ಹತ್ತು ವಿಸಿಟಿಂಗ್ ಕಾರ್ಡ್ ಹಂಚುವುದಕ್ಕಿಂತ ಇಂಥ ಪ್ರಶ್ನೆ ಜಾಸ್ತಿ ಕೆಲಸ ಮಾಡುತ್ತದೆ. ಸ್ಟಾಲ್‌ನ ಪೆನ್ನು, ಚೀಲ? ತಗೊಳ್ಳಿ, ಬಿಡಿ.

ನೋಟ್ಸ್ ಮಾತ್ರ ವಾಪಸ್ ಬಸ್ಸು ಹತ್ತುವ ಮೊದಲೇ ಬರೆದಿಡಿ. ಸಕಲೇಶಪುರ ದಾಟಿದ ಮೇಲೆ ನೆಟ್‌ವರ್ಕೂ ಇರಲ್ಲ, ನೆನಪೂ ಇರಲ್ಲ.